ಮಿರ್ಚಿ ಎಣ್ಣೆ, ಗೇರ್‌ಬಾಕ್ಸ್ ಎಣ್ಣೆ

ಮಂಡಕ್ಕಿ ಮಿರ್ಚಿ ಮುಂದೆ ಕೂತ ದಾವಣಗೆರೆಯವನಿಗೆ ಗೊತ್ತಿಲ್ಲದ ವಿಷಯ ಅಂತ ಒಂದೂ ಇರುವುದಿಲ್ಲ. ಅವತ್ತಿನ ವಿಷಯ ನನ್ನ ಕಾರು.

ಕಾರು ಸೆಕೆಂಡ್ ಹ್ಯಾಂಡ್, ಆಟೋಮ್ಯಾಟಿಕ್, ಎಂಬತ್ತೈದು ಸಾವಿರ ಕಿಲೋಮೀಟರ್ ಓಡಿದ್ದು. ಎಡಗಾಲು ನೋವು, ಕ್ಲಚ್ ತುಳಿಯೋಕಾಗಲ್ಲ ಅಂತ ಮನೆಯಲ್ಲಿ ಹೇಳಿ ತಗೊಂಡಿದ್ದೆ. ನಿಜವಾದ ಕಾರಣ, ನನ್ನ ಷಡ್ಡಕ ಆಟೋಮ್ಯಾಟಿಕ್ ತಗೊಂಡಿದ್ದ.

ಮೊದಲ ತಿಂಗಳು ಚೆನ್ನಾಗಿತ್ತು. ಆಮೇಲೆ ಬೆಳಿಗ್ಗೆ ಗೇರ್ ಲಿವರ್ ‘ಡಿ’ಗೆ, ಅಂದರೆ ಡ್ರೈವ್‌ಗೆ, ಹಾಕಿದರೆ ಗಾಡಿ ಯೋಚನೆ ಮಾಡೋಕೆ ಶುರು ಮಾಡಿತು. ಒಂದು, ಎರಡು, ಮೂರು ಅಂತ ಎಣಿಸಿದ ಮೇಲೆ ಢಬ್ ಅಂತ ಒಂದು ಒದೆ ಕೊಟ್ಟು ಹೊರಡುತ್ತಿತ್ತು. ಹೋದ ವಾರ ದುರ್ಗದಿಂದ ವಾಪಸ್ ಬರುವಾಗ ಹೈವೇಯಲ್ಲಿ ಹತ್ತಿ ಲಾರಿಯೊಂದನ್ನು ಓವರ್‌ಟೇಕ್ ಮಾಡೋಣ ಅಂತ ಆಕ್ಸಿಲೇಟರ್ ಒತ್ತಿದೆ. ಇಂಜಿನ್ ಕೂಗಿಕೊಂಡಿತು. ಆರ್‌ಪಿಎಂ ಮುಳ್ಳು ನಾಲ್ಕು ಸಾವಿರ ಮುಟ್ಟಿತು. ಗಾಡಿ ಮಾತ್ರ ಎಷ್ಟಿತ್ತೋ ಅಷ್ಟೇ ಸ್ಪೀಡು. ಲಾರಿ ಕ್ಲೀನರ್ ಬಗ್ಗಿ ನೋಡಿ ಹಲ್ಲು ಬಿಟ್ಟ. ಭರಮಸಾಗರ ದಾಟುವಷ್ಟರಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿ, ಗಾಡಿ ಮೂರನೇ ಗೇರಿನಲ್ಲೇ ಕೂತುಬಿಟ್ಟಿತು. ಆನಗೋಡು ಬಂದರೂ ಏಳಲಿಲ್ಲ. ಪಕ್ಕದಲ್ಲಿದ್ದ ನಮ್ಮನೆಯವಳು ಊರು ಸೇರುವ ತನಕ ಒಂದು ಮಾತೂ ಆಡಲಿಲ್ಲ. ಮನೆ ಮುಂದೆ ಇಳಿದು, “ನಿಮ್ಮ ಷಡ್ಡಕರ ಗಾಡಿ ಹೆಂಗೈತಂತೆ?” ಅಂದಳು.

ಸಂಜೆ ರಾಂ ಅಂಡ್ ಕೋ ಸರ್ಕಲ್ ಹತ್ತಿರ ನಮ್ಮ ಗುಂಪು ಸೇರಿತ್ತು. ನಾನು ಮಾತು ಮುಗಿಸುವ ಮೊದಲೇ ಕೊಟ್ರೇಶಿ ತೀರ್ಪು ಕೊಟ್ಟ. “ಕ್ಲಚ್ ಪ್ಲೇಟ್ ಸವದೈತೆ, ಬಿಡು.” ಅವನು ಹದಿನೈದು ವರ್ಷ ಲಾರಿ ಹೊಡೆದವನು. ಅವನ ಪ್ರಕಾರ ಜಗತ್ತಿನ ಎಲ್ಲಾ ತೊಂದರೆಗೂ ಕ್ಲಚ್ ಪ್ಲೇಟೇ ಮೂಲ.

“ಲೇ, ಈ ಗಾಡಿಗೆ ಕ್ಲಚ್ಚೇ ಇಲ್ಲ ಕಣಲೇ,” ಅಂದ ಬಸ್ಯ.

“ಕ್ಲಚ್ ಇಲ್ದೆ ಗೇರ್ ಹೆಂಗ್ ಬೀಳ್ತತೆ? ನಿಮ್ಮಪ್ಪ ಬಂದು ಹಾಕ್ತಾನಾ?”

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಅವರು ರಿಟೈರ್ ಆದ ಸೈನ್ಸ್ ಮೇಷ್ಟ್ರು. ಮಿರ್ಚಿ ತಿನ್ನುವಾಗಲೂ ಬೋರ್ಡ್ ಹುಡುಕುತ್ತಾರೆ. “ಕ್ಲಚ್ ಇದೆ ಕಣ್ರಪ್ಪಾ, ಒಳಗಡೆ ನಾಲ್ಕಾರು ಇರುತ್ತವೆ. ಕಾಲಲ್ಲಿ ತುಳಿಯೋದಿಲ್ಲ ಅಷ್ಟೇ, ಎಣ್ಣೆ ಪ್ರೆಷರಲ್ಲಿ ಒತ್ತೋದು. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಮಧ್ಯೆ ಮಾತ್ರ ಪ್ಲೇಟ್ ಬದಲು ಟಾರ್ಕ್ ಕನ್ವರ್ಟರ್ ಅಂತ ಇರುತ್ತೆ. ದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ನೋಡಿದೀರಲ್ವಾ? ಅಂಥವು ಎರಡು ಎದುರುಬದುರು ನಿಂತಿವೆ ಅಂದ್ಕೊಳ್ಳಿ. ಇಂಜಿನ್ ಒಂದನ್ನ ತಿರುಗಿಸುತ್ತೆ. ಅದು ಬೀಸಿದ ರಭಸಕ್ಕೆ ಎದುರಿಗಿರೋದೂ ತಿರುಗುತ್ತೆ. ಇಲ್ಲಿ ಗಾಳಿ ಬದಲು ಎಣ್ಣೆ.”

“ಅಂದ್ರೆ ಇಂಜಿನ್ನಿಗೂ ಚಕ್ರಕ್ಕೂ ನಡುವೆ ಬರೀ ಎಣ್ಣೆನಾ?” ಕೊಟ್ರೇಶಿ ಮುಖ ನೋಡಬೇಕಿತ್ತು. ಮನೆ ಪಾಯದಲ್ಲಿ ಕಲ್ಲಿನ ಬದಲು ಮೊಸರು ಹಾಕಿದಾರೆ ಅಂತ ಗೊತ್ತಾದವನ ಹಾಗಿತ್ತು.

“ಹೊರಡುವಾಗ ಬರೀ ಎಣ್ಣೆ. ಸ್ಪೀಡ್ ಬಂದ ಮೇಲೆ ಎರಡೂ ಒಂದಕ್ಕೊಂದು ಲಾಕ್ ಆಗುತ್ತೆ. ಇದನ್ನ ಮೊದಲು ಯೋಚನೆ ಮಾಡಿದ್ದು ಕಾರಿಗಲ್ಲ, ಹಡಗಿಗೆ. ಜರ್ಮನಿಯ ಫಾಟಿಂಗರ್ ಅನ್ನೋನು 1905ರಲ್ಲೇ ಪೇಟೆಂಟ್ ಮಾಡಿಸಿದ್ದ.”

“ಹಡಗಿನ ಸಾಮಾನು ದಾವಣಗೆರೆಗೆ ತಂದ್ರೆ ಇನ್ನೇನಾಗ್ತತೆ ಮತ್ತೆ? ಇಲ್ಲಿ ಕುಂದವಾಡ ಕೆರೆ ಬಿಟ್ರೆ ನೀರೆಲ್ಲೈತೆ?” ಅಂದ ಬಸ್ಯ. ಅವನದು ಬಟ್ಟೆ ಅಂಗಡಿ. ಆಟೋಮ್ಯಾಟಿಕ್ ಅಂದರೆ ಮೈಯೆಲ್ಲಾ ಉರಿ. “ನಾನ್ ಬಡ್ಕೊಂಡೆ, ತಗೋಬ್ಯಾಡ ಅಂತ. ನಮ್ಮ ಸೋದರಮಾವನ ಮಗಂದು ಹಿಂಗೇ ಆಗಿ ಗೇರ್‌ಬಾಕ್ಸೇ ಬದಲಿ ಮಾಡಿಸಿದ. ಒಂದೂವರೆ ಲಕ್ಷ! ಗಂಡಸಾದೋನು ಗೇರ್ ಹಾಕ್ಬೇಕಲೇ. ನನ್ನ ನೋಡು, ಹತ್ತು ವರ್ಷದಿಂದ ಒಂದೇ ಗಾಡಿ, ಒಂದು ದಿನ ಕೈ ಕೊಟ್ಟಿಲ್ಲ.”

ನಾನು ಒಂದು ಶೋರೂಮಿಗೂ ಹೋಗಿ ಬಂದಿದ್ದೆ. ಅಲ್ಲಿಯ ಹುಡುಗ ಬಾನೆಟ್ ಎತ್ತಿ ಇಳಿಸಿ, “ಗೇರ್‌ಬಾಕ್ಸ್ ಚೇಂಜ್ ಸರ್” ಅಂದಿದ್ದ. ಬಾನೆಟ್ ಮೇಲಿದ್ದದ್ದು ಅರ್ಧ ನಿಮಿಷ. ನಮ್ಮ ಡಾಕ್ಟರು ಶೀತಕ್ಕೂ ಅದಕ್ಕಿಂತ ಜಾಸ್ತಿ ಹೊತ್ತು ನಾಲಿಗೆ ನೋಡುತ್ತಾರೆ.

ಅಷ್ಟರಲ್ಲಿ ಭಾಯಿ ಬಂದರು. ಪಿ.ಬಿ. ರೋಡ್ ಕಡೆ ಗ್ಯಾರೇಜ್ ಇಟ್ಟಿದ್ದಾರೆ. ಬಂದವರು ನನಗೆ ಮೂರು ಪ್ರಶ್ನೆ ಕೇಳಿದರು. “ಅಣ್ಣಾ, ತಣ್ಣಗಿದ್ದಾಗ ಜಾಸ್ತಿ ತ್ರಾಸಾ, ಬಿಸಿಯಾದ ಮೇಲಾ? ರಿವರ್ಸ್ ಸರಿ ಬೀಳ್ತೈತಾ? ಗೇರ್ ಆಯಿಲ್ ಯಾವಾಗ ಬದಲಾಯಿಸಿದ್ದು?”

ಮೊದಲೆರಡಕ್ಕೆ ಉತ್ತರ ಕೊಟ್ಟೆ. ಮೂರನೆಯದಕ್ಕೆ, “ಮಾರಿದೋನು ಲೈಫ್‌ಟೈಮ್ ಆಯಿಲ್, ಮುಟ್ಟೋದೇ ಬೇಡ ಅಂದಿದ್ದ” ಅಂದೆ.

ಭಾಯಿ ಮಿರ್ಚಿ ಬಾಣಲಿ ಕಡೆ ನೋಡಿದರು. “ಆ ಎಣ್ಣೇನೂ ಲೈಫ್‌ಟೈಮೇ. ತಿನ್ನೋರ ಲೈಫ್ ಎಷ್ಟೈತೋ ಅಷ್ಟು.”

ಅಂಗಡಿಯವನಿಗೆ ಸಿಟ್ಟು ಬಂತು. ಭಾಯಿ ಲಕ್ಷ್ಯ ಕೊಡಲಿಲ್ಲ. ಮೊಬೈಲ್ ಟಾರ್ಚ್ ಹಚ್ಚಿ ರೋಡಿನಲ್ಲೇ ಕಾರಿನ ಮುಂದೆ ಬಗ್ಗಿದರು. ಐದು ನಿಮಿಷ ಎದ್ದೇಳಲಿಲ್ಲ. ಆಮೇಲೆ ಬೆರಳು ಎತ್ತಿಕೊಂಡು ಬಂದು, ಮಂಡಕ್ಕಿ ಕಟ್ಟಿದ್ದ ಪೇಪರ್ ಹರಿದು ಅದರ ಮೇಲೆ ಒರೆಸಿದರು. ಕಾಫಿ ಡಿಕಾಕ್ಷನ್ ಬಣ್ಣದ ಕಲೆ ನಿಧಾನವಾಗಿ ಹರಡಿತು. ಪಕ್ಕದಲ್ಲೇ ಮಿರ್ಚಿಯ ಎಣ್ಣೆ ಕಲೆ ಇತ್ತು. ಅದು ಹೊಂಬಣ್ಣ, ಹಿಂದಿನ ಅಕ್ಷರ ಕಾಣುವಷ್ಟು ತಿಳಿ.

“ಹೊಸ ಎ.ಟಿ.ಎಫ್., ಅಂದ್ರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ, ಸಾಮಾನ್ಯವಾಗಿ ದಾಳಿಂಬೆ ರಸದ ಹಂಗೆ ಕೆಂಪಗಿರ್ತೈತೆ. ಮೂಸಿ ನೋಡ್ರಿ.”

ಎಲ್ಲರೂ ಮೂಸಿದೆವು. ಸೀದ ವಾಸನೆ. ಮೇಷ್ಟ್ರು ಅವಸರದಲ್ಲಿ ಮಿರ್ಚಿ ಕಲೆ ಮೂಸಿ, “ಓಂಕಾಳು ಇದ್ದಂಗಿದೆಯಲ್ಲಪ್ಪಾ” ಅಂದರು. ಅಂಗಡಿಯವನು ಬಗ್ಗಿ ಎರಡೂ ಕಲೆ ನೋಡಿ, “ನನ್ನ ಬಾಣಲಿ ಎಣ್ಣೆ ಎಷ್ಟೋ ವಾಸಿ ಐತೆ ಬಿಡ್ರಿ” ಅಂತ ಎದೆ ಉಬ್ಬಿಸಿ ಹೋದ.

“ಆಯಿಲ್ ಕೂಲರಿಗೆ ಹೋಗೋ ಪೈಪಿನ ಜಾಯಿಂಟ್ ಒದ್ದೆ ಆಗೈತೆ,” ಅಂದರು ಭಾಯಿ. “ಈ ಎಣ್ಣೆ ಇಂಜಿನ್ ಆಯಿಲ್ ಹಂಗೆ ಉರಿದು ಹೋಗಲ್ಲ. ಕಮ್ಮಿ ಆಯ್ತು ಅಂದ್ರೆ ಎಲ್ಲೋ ಸೋರ್ತೈತೆ ಅಂತಾನೇ ಅರ್ಥ. ಎಣ್ಣೆ ಕಮ್ಮಿ ಇದ್ರೆ ಪಂಪು ಗಾಳಿ ಎಳ್ಕೊಳ್ತೈತೆ. ಪ್ರೆಷರ್ ಬರಲ್ಲ, ಕ್ಲಚ್ ಹಿಡಿಯಲ್ಲ. ಅದಕ್ಕೇ ‘ಡಿ’ ಹಾಕಿದ್ರೆ ತಡ, ಎಳೆಯೋವಾಗ ಜಾರೋದು. ಕಂಪ್ಯೂಟರ್ ನೋಡಿ ನೋಡಿ ಸಾಕಾಗಿ, ಇನ್ನೂ ಹಾಳಾಗೋದು ಬ್ಯಾಡ ಅಂತ ಒಂದೇ ಗೇರಲ್ಲಿ ನಿಲ್ಲಿಸಿಬಿಡ್ತೈತೆ.”

“ನಾ ಹೇಳ್ಲಿಲ್ವಾ, ಕ್ಲಚ್ಚು!” ಅಂತ ಕೊಟ್ರೇಶಿ ತೊಡೆ ತಟ್ಟಿದ.

ಬಸ್ಯ ಬಿಡಲಿಲ್ಲ. “ಮತ್ತೆ ಇವತ್ತು ಗ್ಯಾರೇಜಿಗೆ ಹೆಂಗೆ? ನನ್ನ ಅಂಗಡಿ ಹುಡುಗ್ರನ್ನ ಕರೀತೀನಿ, ತಳ್ಳಿ ಸ್ಟಾರ್ಟ್ ಮಾಡೋಣ. ಇಲ್ಲಾಂದ್ರೆ ಹಗ್ಗ ಕಟ್ಟಿ ಎಳೆಯೋಣ.”

ಭಾಯಿ ಹೌಹಾರಿದರು. ಇಂಜಿನ್ ತಿರುಗದಿದ್ದರೆ ಪಂಪು ತಿರುಗುವುದಿಲ್ಲ. ಅದಕ್ಕೇ ತಳ್ಳಿದರೆ ಇದು ಸ್ಟಾರ್ಟ್ ಆಗುವುದೂ ಇಲ್ಲ. ಮುಂದಿನ ಚಕ್ರ ನೆಲದ ಮೇಲಿಟ್ಟು ಎಳೆದರೆ ಒಳಗೆ ಎಣ್ಣೆ ಓಡದೆ ಎಲ್ಲಾ ತಿಕ್ಕಿ ಸುಟ್ಟುಹೋಗುತ್ತದೆ. ಫ್ಲಾಟ್‌ಬೆಡ್ ಗಾಡಿ ಕರೆಸಿದೆ. ಅದರ ಮೇಲೆ ನನ್ನ ಕಾರು ಊರ ತುಂಬಾ ಮೆರವಣಿಗೆ ಹೋಯಿತು. ಷಡ್ಡಕನ ಮನೆ ಮುಂದೇ ಸಿಗ್ನಲ್ ಬಿದ್ದದ್ದು ನನ್ನ ಗ್ರಹಚಾರ.

ಮಾರನೇ ದಿನ ಗ್ಯಾರೇಜಿನಲ್ಲಿ ಮೊದಲು ನೋಡಿದ್ದು ಬ್ಯಾಟರಿಯನ್ನು. ವೋಲ್ಟೇಜ್ ಕಮ್ಮಿಯಿದ್ದರೂ ಗೇರ್‌ಬಾಕ್ಸಿನ ಕಂಪ್ಯೂಟರ್ ಹುಚ್ಚಾಟ ಆಡುತ್ತದಂತೆ. ನನ್ನದು ಸರಿಯಿತ್ತು. ಸ್ಕ್ಯಾನರ್ ಹಾಕಿದಾಗ ಪಿ 0700 ಅಂತ ಬಂತು. ಅಲ್ಲೇ ಇದ್ದ ಕೊಟ್ರೇಶಿ, “ಸಿಕ್ತಲ್ಲ ಕಾಯಿಲೆ!” ಅಂದ. ಭಾಯಿ ನಕ್ಕರು. ಆ ಕೋಡಿನ ಅರ್ಥ ಇಷ್ಟೇ: ಗೇರ್‌ಬಾಕ್ಸಿನಲ್ಲಿ ಏನೋ ತಕರಾರು ಇದೆ, ಒಳಗೆ ಹೋಗಿ ಕೇಳು. ಬಾಗಿಲ ಹತ್ತಿರದ ವಾಚ್‌ಮನ್ ಇದ್ದಂತೆ. ಒಳಗೆ ಕೇಳಿದಾಗ ಪಿ 0730 ಸಿಕ್ಕಿತು, ಗೇರ್ ಅನುಪಾತ ಸರಿ ಬರುತ್ತಿಲ್ಲ ಅಂತ. ಜಾರುತ್ತಿದೆ ಅಂತ ಲಾರಿ ಕ್ಲೀನರಿಗೂ ಗೊತ್ತಾಗಿತ್ತಲ್ಲ, ಅದೇ.

ಎಣ್ಣೆ ಎಷ್ಟಿದೆ ನೋಡೋಕೆ ನನ್ನ ಗಾಡಿಗೆ ಅಳತೆ ಕಡ್ಡಿಯೇ ಇಲ್ಲ. ಲಿಫ್ಟಿನಲ್ಲಿ ಸಮನಾಗಿ ಏರಿಸಿ, ಇಂಜಿನ್ ಓಡುತ್ತಿರುವಾಗಲೇ, ಎಣ್ಣೆ ಹೇಳಿದಷ್ಟು ಬಿಸಿಯಾದಾಗ ಕೆಳಗಿನ ಬೋಲ್ಟ್ ಬಿಚ್ಚಬೇಕು. ಸಣ್ಣಗೆ ತೊಟ್ಟಿಕ್ಕಿದರೆ ಸರಿ. ನನ್ನದರಲ್ಲಿ ಬೋಲ್ಟ್ ಬಿಚ್ಚಿ ನಾಲ್ಕು ಜನ ಕತ್ತೆತ್ತಿ ಕಾದೆವು. ಒಂದು ಹನಿ ಬೀಳಲಿಲ್ಲ. “ಕೆಲವು ಗಾಡಿಗೆ ಇಂಜಿನ್ ಆಫ್ ಮಾಡಿ ನೋಡ್ಬೇಕು, ಕೆಲವಕ್ಕೆ ಆನ್ ಇರ್ಬೇಕು. ಮ್ಯಾನುವಲ್ ಪುಸ್ತಕದಾಗೆ ಬರ್ದಿರ್ತಾರಣ್ಣ,” ಅಂದರು ಭಾಯಿ. ನನ್ನ ಮ್ಯಾನುವಲ್ ಪ್ಲಾಸ್ಟಿಕ್ ಕವರಿನಿಂದ ಇನ್ನೂ ಹೊರಗೇ ಬಂದಿರಲಿಲ್ಲ. ಮನೆಯಲ್ಲಿ ಅದು ಅಲುಗಾಡುವ ಟೇಬಲ್ಲಿನ ಕಾಲ ಕೆಳಗಿತ್ತು.

ತಳದ ಪ್ಯಾನ್ ಬಿಚ್ಚಿದಾಗ ನನ್ನ ಎದೆ ಹೊಡೆದುಕೊಂಡಿತು. ಒಳಗಿನ ಆಯಸ್ಕಾಂತಕ್ಕೆ ಕಾಡಿಗೆಯಂಥ ನುಣ್ಣನೆ ಬೂದು ಕೆಸರು ಅಂಟಿತ್ತು. ಭಾಯಿ ಅದನ್ನು ಎರಡು ಬೆರಳಿನ ಮಧ್ಯೆ ತಿಕ್ಕಿ ನೋಡಿದರು. ಇಷ್ಟು ಸವೆತ ಸಹಜವಂತೆ. ಮಿಂಚುವ ಲೋಹದ ಚೂರು ಸಿಕ್ಕಿದ್ದರೆ ಮಾತ್ರ ಬಸ್ಯನ ಒಂದೂವರೆ ಲಕ್ಷದ ಕತೆ ನಿಜವಾಗುತ್ತಿತ್ತು. ಪೈಪಿನ ಜಾಯಿಂಟಿನಲ್ಲಿ ಒಣಗಿ ಕಲ್ಲಾಗಿದ್ದ ಒಂದು ರಬ್ಬರ್ ಓ-ರಿಂಗ್ ಸಿಕ್ಕಿತು. ಮಕ್ಕಳ ಬಳೆಗಿಂತ ಚಿಕ್ಕದು. ಅದನ್ನು ತೆಗೆದುಕೊಂಡು ಜೇಬಿಗೆ ಹಾಕಿಕೊಂಡೆ, ಮನೆಯಲ್ಲಿ ತೋರಿಸೋಕೆ.

ಹೊಸ ರಿಂಗ್, ಹೊಸ ಫಿಲ್ಟರ್, ಕಂಪನಿ ಹೇಳಿದ ನಂಬರಿನದೇ ಎಣ್ಣೆ. ಡ್ರೈನ್ ಮಾಡಿದರೂ ಟಾರ್ಕ್ ಕನ್ವರ್ಟರಿನಲ್ಲಿ ಹಳೇ ಎಣ್ಣೆ ಬಹಳಷ್ಟು ಉಳಿದೇ ಇರುತ್ತದೆ. ಅದಕ್ಕೆ ಎರಡು ವಾರ ಓಡಿಸಿ ಮತ್ತೊಮ್ಮೆ ಬದಲಾಯಿಸಿದೆವು. ಈಗ ‘ಡಿ’ ಹಾಕಿದರೆ ಬೆಣ್ಣೆ ದೋಸೆ ಮೇಲೆ ಬೆಣ್ಣೆ ಜಾರಿದ ಹಾಗೆ ಹೊರಡುತ್ತದೆ.

ಅವತ್ತು ಸಂಜೆ ಎಲ್ಲರಿಗೂ ನನ್ನದೇ ಮಿರ್ಚಿ. ಬಸ್ಯ ಎರಡನೇ ಪ್ಲೇಟ್ ಮುಗಿಸಿ ಮತ್ತೆ ಶುರು ಮಾಡಿದ. “ಏನೇ ಹೇಳು, ಆಟೋಮ್ಯಾಟಿಕ್ ನಮ್ಮಂಥೋರಿಗಲ್ಲಲೇ. ನಾನಂತೂ ಜನ್ಮದಾಗೆ ಮುಟ್ಟಲ್ಲ.”

“ಅಣ್ಣಾ, ನೀವು ಬಂದಿರೋದು ಏನ್ರಾಗೆ?” ಅಂದರು ಭಾಯಿ.

“ನನ್ನ ಸ್ಕೂಟರಲ್ಲಿ.”

“ಅದಕ್ಕೆ ಗೇರ್ ಎಲ್ಲೈತೆ?”

ಬಸ್ಯ ಸ್ಕೂಟರ್ ಕಡೆ ನೋಡಿದ. ನಾವೂ ನೋಡಿದೆವು.

“ಅದೂ ಆಟೋಮ್ಯಾಟಿಕ್ಕೇ ಅಣ್ಣಾ. ಸಿ.ವಿ.ಟಿ. ಅಂತಾರೆ. ಎಡಗಡೆ ಕವರ್ ಒಳಗೆ ಎರಡು ಪುಲ್ಲಿ, ಒಂದು ರಬ್ಬರ್ ಬೆಲ್ಟ್. ಹೊರಡೋವಾಗ ಗಡಗಡ ನಡುಗ್ತೈತೆ ಅಂತಿದ್ರಲ್ಲ, ಬೆಲ್ಟ್ ಯಾವಾಗ ಬದಲಾಯಿಸಿದ್ರಿ?”

“ಬೆಲ್ಟಾ?” ಬಸ್ಯನ ಕೈಯ ಮಿರ್ಚಿ ಅರ್ಧದಲ್ಲೇ ನಿಂತಿತು. “ಅದು ಲೈಫ್‌ಟೈಮ್ ಅಲ್ವಾ?”

ಕೊಟ್ರೇಶಿ ಆಗಲೇ ಎದ್ದು ಸ್ಕೂಟರ್ ಹತ್ತಿರ ಹೋಗಿ ಬಗ್ಗಿದ್ದ. “ನೋಡೋದೇನೈತೆ,” ಅಂತ ಅಲ್ಲಿಂದಲೇ ಕೂಗಿದ, “ಕ್ಲಚ್ ಪ್ಲೇಟೇ!”