ಬಾಯೊಳಗಿನ ಹುಣ್ಣು, ಗಾಯ, ಬಿಳಿ ಕಲೆ: ಡೊಂಬಿವಲಿ ಕನ್ನಡಿಗರ ಗುಂಪಿನಲ್ಲಿ ಡಾಕ್ಟರಿಗೆ ಪ್ರಶ್ನೆ

ಅಡ್ಮಿನ್: ರಾತ್ರಿ ಒಂಬತ್ತರಿಂದ ಹತ್ತರವರೆಗೆ ನಮ್ಮ ಡೆಂಟಿಸ್ಟ್ ಮೇಡಂ ಇರ್ತಾರೆ. ಕಚ್ಚಿ, ಉಜ್ಜಿ, ಸುಟ್ಟು ಬಾಯಲ್ಲಿ ಆಗೋ ಗಾಯಗಳ ಬಗ್ಗೆ ಕೇಳಿ. ಗುಡ್ ನೈಟ್ ಫೋಟೊ ಬೇಡ.

ಮುಲುಂಡ್ ಅಕ್ಕ: ನಮಸ್ತೆ ಡಾಕ್ಟ್ರೇ. ಎರಡೂ ಕೆನ್ನೆಯ ಒಳಗೆ, ಹಲ್ಲಿನ ಸಾಲಿಗೆ ಸರಿಯಾಗಿ ಬಿಳಿ ಗೆರೆ. ನೋವಿಲ್ಲ. ಗೂಗಲ್ ನೋಡಿ ನಿದ್ದೆ ಕೆಟ್ಟಿದೆ.

ಡಾಕ್ಟರ್: ನಮಸ್ತೆ ಅಕ್ಕ. ಹಲ್ಲು ಕೂಡುವಲ್ಲಿ ಕೆನ್ನೆ ಒತ್ತಿ ಒತ್ತಿ ಆಗುವ ಗೆರೆ. ತುಂಬ ಜನಕ್ಕಿರುತ್ತೆ. ಔಷಧ ಬೇಡ, ನಿದ್ದೆ ಮಾಡಿ.

ವಾಶಿ ಅಮ್ಮ: ನಿನ್ನೆ ಮಗನಿಗೆ (6 ವರ್ಷ) ಇಂಜೆಕ್ಷನ್ ಕೊಟ್ಟು ಕೆಳಹಲ್ಲು ತುಂಬಿಸಿದ್ರು. ಇವತ್ತು ತುಟಿ ಊದಿ ಮೇಲೆ ಹಳದಿ ಪೊರೆ. ಕೀವಾ?

ಡಾಕ್ಟರ್: ಕೀವಲ್ಲ ಅನಿಸುತ್ತೆ. ತುಟಿ ಮರಗಟ್ಟಿದಾಗ ಮಕ್ಕಳು ಗೊತ್ತಾಗದೆ ಅಗೆದುಬಿಡ್ತಾರೆ. ಆ ಪೊರೆ ಮಾಯುವ ಗಾಯದ್ದು, ಕೆರೆದು ತೆಗೀಬೇಡಿ. ತಣ್ಣನೆ ಮೊಸರನ್ನ ಕೊಡಿ, ತುಟಿಗೆ ವ್ಯಾಸಲೀನ್. ಜ್ವರ ಬಂದರೆ, ಊತ ಹೆಚ್ಚಿದರೆ ತೋರಿಸಿ.

ಪನ್ವೇಲ್: ಮಗಳ ಕ್ಲಿಪ್ಪಿನ ತಂತಿ ಕೆನ್ನೆಗೆ ಚುಚ್ಚುತ್ತೆ ಮೇಡಂ, ಏನ್ಮಾಡ್ಲಿ?

ಕಲ್ಯಾಣ್ ಕಾಕಾ: (ಫಾರ್ವರ್ಡ್) ಹಲ್ಲುನೋವಿಗೆ ರಾಮಬಾಣ! ಆಸ್ಪಿರಿನ್ ಗುಳಿಗೆ ಅಥವಾ ಜಜ್ಜಿದ ಬೆಳ್ಳುಳ್ಳಿ ಹಲ್ಲಿನ ಪಕ್ಕ ಇಟ್ಟು ಮಲಗಿ. ಹತ್ತು ಜನರಿಗೆ ಕಳಿಸಿ.

ಡಾಕ್ಟರ್: ಕಾಕಾ, ಒಬ್ಬರಿಗೂ ಕಳಿಸಬೇಡಿ. ಎರಡೂ ಒಸಡು, ಕೆನ್ನೆ ಸುಡುತ್ತವೆ. ಬೆಳಿಗ್ಗೆ ಬಿಳಿ ಸಿಪ್ಪೆ ಏಳುತ್ತೆ, ಕೆಳಗೆ ಹಸಿ ಗಾಯ. ಆಮೇಲೆ ಹಲ್ಲುನೋವಿನ ಜೊತೆ ಇದಕ್ಕೂ ನಮ್ಮ ಹತ್ತಿರವೇ ಬರ್ತೀರಿ.

ಕಲ್ಯಾಣ್ ಕಾಕಾ: ನಮ್ಮವ್ವ ಬೆಳ್ಳೊಳ್ಳಿನೇ ಇಡ್ತಿದ್ಳ್ರಿ. ಏನೂ ಆಗಿಲ್ಲ.

ಭಾಂಡುಪ್ ಹೋಟೆಲ್: ಮೇಡಂ, ವಯಸ್ಸು 54. ಬಲಗಡೆ ದವಡೆ ಹಲ್ಲು ಮುರಿದು ನಾಲಿಗೆ ಪಕ್ಕಕ್ಕೆ ತಾಗಿ ಹುಣ್ಣು. ಆರು ವಾರ ಆಯ್ತು. ಮೆಡಿಕಲಿನವ ಜೆಲ್ ಕೊಟ್ಟ. ಈಗ ನೋವು ಕಮ್ಮಿ, ಹುಣ್ಣು ಹಾಗೇ ಉಂಟು. ಊಟ ಆದ ಮೇಲೆ ತಂಬಾಕು ಹಾಕಿದ ಬೀಡಾ ಅಭ್ಯಾಸ.

ಡಾಕ್ಟರ್: ಕೈ ತೊಳೆದು ಹುಣ್ಣಿನ ಅಂಚು ಮುಟ್ಟಿ ನೋಡಿ ಅಣ್ಣ. ಮೆತ್ತಗಿದೆಯಾ?

ಭಾಂಡುಪ್ ಹೋಟೆಲ್: ಸ್ವಲ್ಪ ಗಟ್ಟಿ.

ಡಾಕ್ಟರ್: ಹಾಗಾದರೆ ಗಮನ ಇಟ್ಟು ಓದಿ. ಹಲ್ಲು ತಾಗಿ ಆದ ಹುಣ್ಣು ಸಾಮಾನ್ಯವಾಗಿ ಆ ಚೂಪಿನ ಎದುರಿಗೇ ಇರುತ್ತೆ. ನಡುವೆ ಹಳದಿ ಪೊರೆ, ಸುತ್ತ ಕೆಂಪು, ಅಂಚು ಮೆತ್ತಗೆ, ಮುಟ್ಟಿದರೆ ಉರಿ. ಆ ಹಲ್ಲಿನ ಚೂಪು ಉಜ್ಜಿ ನಯ ಮಾಡಿಸಿದರೆ ಎರಡು ವಾರದಲ್ಲಿ ಮಾಯಬೇಕು. ತುಂಬ ದಿನದ ಗಾಯದ ಅಂಚೂ ಗಟ್ಟಿಯಾಗಬಹುದು, ಹಾಗಾಗಿ ಇದು ಕ್ಯಾನ್ಸರ್ ಅಂತ ನಾನು ಹೇಳ್ತಿಲ್ಲ. ಆದರೆ ಆರು ವಾರ, ನಾಲಿಗೆಯ ಪಕ್ಕ, ತಂಬಾಕು, ಇಷ್ಟು ಕೂಡಿದ ಮೇಲೆ ಇನ್ನೆರಡು ವಾರ ಕಾಯಿರಿ ಅನ್ನಲಾರೆ. ನೋವು ಕಮ್ಮಿ ಅಂದಿರಲ್ಲ, ಅದರಿಂದ ನನಗೆ ಸಮಾಧಾನ ಇಲ್ಲ. ಕ್ಯಾನ್ಸರ್ ಹುಣ್ಣು ಶುರುವಿನಲ್ಲಿ ನೋಯದೇ ಇರಬಹುದು. ಮರಗಟ್ಟಿಸುವ ಜೆಲ್ ಹಚ್ಚಿದರೆ ಇರುವ ನೋವೂ ಮುಚ್ಚಿಹೋಗುತ್ತೆ. ನಾಳೆ ಬೆಳಿಗ್ಗೆ ಮುಂಬಯಿ ಸೆಂಟ್ರಲ್‌ನ ನಾಯರ್ ಡೆಂಟಲ್ ಆಸ್ಪತ್ರೆಗೋ ಸಿಎಸ್‌ಎಂಟಿ ಸ್ಟೇಷನ್ ಹತ್ತಿರದ ಸರಕಾರಿ ಡೆಂಟಲ್ ಕಾಲೇಜಿಗೋ ಹೋಗಿ. ಬಯಾಪ್ಸಿ (ಹುಣ್ಣಿನ ಚೂರು ತೆಗೆದು ಪರೀಕ್ಷೆ) ಬೇಕಾ ಅಂತ ನೀವೇ ಕೇಳಿ. ಗಲ್ಲಾದಲ್ಲಿ ಬೇರೆಯವರು ಕೂರಲಿ.

ಠಾಣೆ: ಬಯಾಪ್ಸಿ ಮಾಡಿದ್ರೆ ಹರಡುತ್ತೆ ಅಂತಾರಲ್ಲ?

ಡಾಕ್ಟರ್: ತಡ ಮಾಡಿದರೆ ಹರಡುತ್ತೆ.

ಅಂಧೇರಿ: ಕೆನ್ನೆಯಲ್ಲಿ ಬಿಳಿ ಗೆರೆ ಇದೆ, ಭಯನಾ?

ಡಾಕ್ಟರ್: ಮುಲುಂಡ್ ಅಕ್ಕನಿಗೆ ಬರೆದದ್ದು ಓದಿ.

ಗೋರೆಗಾಂವ್ ಶಿರಸಿ: ತಂಬಾಕು ಬಿಟ್ಟು ಬರೀ ಅಡಿಕೆ ತಿಂದ್ರೆ ತೊಂದ್ರೆ ಇಲ್ಲ ಅಲ್ದಾ? ನಮ್ದೇ ತೋಟ ಇದ್ದು.

ಡಾಕ್ಟರ್: ಇದೆ. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ.

ಗೋರೆಗಾಂವ್ ಶಿರಸಿ: ಅದೆಲ್ಲ ವಿದೇಶಿಯವ್ರ ಲಾಬಿ. ದೇವರಿಗೂ ತಾಂಬೂಲ ಇಡ್ತ್ವಲ್ಲ!

ಠಾಣೆ: ದೇವರು ಜಗಿಯಲ್ಲ ಭಟ್ರೇ. ಮಹಾರಾಷ್ಟ್ರದಲ್ಲಿ 2012ರಲ್ಲೇ ಗುಟ್ಕಾ ಬಂದ್ ಮಾಡಿದ್ರು.

ಗೋರೆಗಾಂವ್ ಶಿರಸಿ: ಗುಟ್ಕಾ ಬೇರೆ, ಅಡಿಕೆ ಬೇರೆ. ಬೆಳೆಗಾರರ ಹೊಟ್ಟೆ ಮೇಲೆ ಹೊಡೀಬೇಡಿ.

ಡಾಕ್ಟರ್: ಅಡಿಕೆಯಿಂದ ಬಾಯಿ ಬಿಗಿದುಕೊಳ್ಳಬಹುದು. ಬಾಯಿ ಪೂರ್ತಿ ತೆರೆದು ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಒಳಗೆ ಹಾಕಿ. ಹಿಡಿಸದಿದ್ದರೆ, ಖಾರಕ್ಕೆ ಬಾಯಿ ಉರಿದರೆ ಬಂದು ತೋರಿಸಿ. ಅಡಿಕೆ ದರದ ಮಾತು ಆಮೇಲೆ.

ಚೆಂಬೂರ್ ಸೊಸೆ: ಅತ್ತೆಯ ಹಲ್ಲುಸೆಟ್ಟಿನ ಅಂಚಿಗೆ ಒಸಡು ಮಡಿಕೆ ಮಡಿಕೆಯಾಗಿ ಬೆಳೆದಿದೆ. ಮಾವ ಸೆಟ್ಟನ್ನ ಕಾನಸು (ಅರ) ಹಾಕಿ ಉಜ್ಜಲಾ ಅಂತಾರೆ.

ಡಾಕ್ಟರ್: ಮಾವನ ಕೈಯಿಂದ ಕಾನಸು ಕಿತ್ಕೊಳ್ಳಿ. ಸೆಟ್ಟು ಸಡಿಲಾಗಿ ಅಲ್ಲಾಡಿ ಉಜ್ಜಿದ್ದು. ರಾತ್ರಿ ತೆಗೆದು ನೀರಲ್ಲಿಡಲಿ, ಈ ವಾರ ತೋರಿಸಿ.

ಕಲ್ಯಾಣ್ ಕಾಕಾ: (ಫಾರ್ವರ್ಡ್) ಬಾಯಿಹುಣ್ಣಿಗೆ ಸುಣ್ಣ, ಅರಿಶಿನ…

ಡಾಕ್ಟರ್: ಅಡ್ಮಿನ್, ಇವರನ್ನ ನೀವೇ ನೋಡ್ಕೊಳ್ಳಿ. ಸುಣ್ಣ ಚರ್ಮ ಸುಡುತ್ತೆ. ಹೇಳಿ ಹೇಳಿ ಸಾಕಾಯ್ತು.

ಕಲ್ಯಾಣ್ ಕಾಕಾ: ಹಿರಿಯರ ಜೋಡಿ ಹಿಂಗ ಮಾತಾಡೂದೇನ್ರಿ?

ಪನ್ವೇಲ್: ತಂತಿ ಪ್ರಶ್ನೆ ಮೇಡಂ?

ಭಾಂಡುಪ್ ಹೋಟೆಲ್: ನಾಳೆ ನಾಯರ್‌ಗೆ ಹೋಗ್ತೇನೆ. ತಮ್ಮ ಬರ್ತಾನೆ.

ಡಾಕ್ಟರ್: ಜೆಲ್ ಇವತ್ತೇ ನಿಲ್ಲಿಸಿ, ಬೀಡಾನೂ. ಓಪಿಡಿ ಚೀಟಿಯ ಫೋಟೊ ನನಗೆ ಕಳಿಸಿ, ಗುಂಪಿಗೆ ಬೇಡ.

ಅಡ್ಮಿನ್: ಸಮಯ ಆಯ್ತು. ಅಡಿಕೆ ಜಗಳ ಪರ್ಸನಲ್‌ನಲ್ಲಿ ಆಡಿ.

ಪನ್ವೇಲ್: ??