ಪುಟ್ಟನ ಎರಡನೇ ಸುತ್ತು

ಭಾನುವಾರ ಬೆಳಿಗ್ಗೆ ಚಿಕ್ಕಮ್ಮ ನಮ್ಮ ಮನೆ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. ‘ಎಚ್ಚರ! ದೂರ ಓಡಿದರೆ ವೇಗ ಸಾಯುತ್ತದೆ. ನಿಮ್ಮ ಮಕ್ಕಳನ್ನು ಉಳಿಸಿ.’ ಅವರ ಮಗ ಪುಟ್ಟ ಕಾಲೇಜಿನಲ್ಲಿ 800 ಮೀಟರ್ ಓಡುತ್ತಾನೆ. ಕೋಚ್ ಪ್ರತಿ ಭಾನುವಾರ 16 ಕಿಲೋಮೀಟರ್ ಓಡಿಸುತ್ತಾರೆ ಅನ್ನುವುದೇ ಚಿಕ್ಕಮ್ಮನ ಸಂಕಟ.

ಭಾವ: ಅತ್ತೆ, ಇದನ್ನ ಬರೆದವರು ಯಾರು?

ಚಿಕ್ಕಮ್ಮ: ಡಾಕ್ಟರು. ಕೆಳಗೆ ನೋಡಿ.

ಭಾವ: ಕೆಳಗೆ ‘ಹತ್ತು ಜನರಿಗೆ ಕಳಿಸಿ’ ಅಂತಷ್ಟೇ ಇದೆ.

ದೊಡ್ಡಪ್ಪ: ಓಟಕ್ಕೆ ಬೇಕಾಗಿರೋದು ಶಿಸ್ತು. ಈಗಿನ ಹುಡುಗರು ನಡುರಾತ್ರಿವರೆಗೂ ಮೊಬೈಲ್ ನೋಡ್ತಾರೆ. ವೇಗ ಎಲ್ಲಿಂದ ಬರಬೇಕು?

(ದೊಡ್ಡಪ್ಪನ ಹಿಂದಿನ ಮೆಸೇಜ್ ಬಂದಿದ್ದು ರಾತ್ರಿ 12:40ಕ್ಕೆ. ಇರಲಿ.)

ಭಾವ: ನ್ಯೂಜಿಲೆಂಡಿನ ಪೀಟರ್ ಸ್ನೆಲ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಗೆದ್ದರು. 1964ರಲ್ಲಿ ಟೋಕಿಯೊದಲ್ಲಿ 800, 1500 ಎರಡೂ. ಅವರ ಕೋಚ್ ಆರ್ಥರ್ ಲಿಡಿಯಾರ್ಡ್ ಭಾನುವಾರ ಗುಡ್ಡದ ದಾರಿಯಲ್ಲಿ 22 ಮೈಲಿ ಓಡಿಸ್ತಿದ್ದರು. ಮೊದಲು ವಾರಗಟ್ಟಲೆ ದೂರ, ಆಮೇಲೆ ಏರು, ರೇಸ್ ಹತ್ತಿರ ಬಂದಾಗ ಟ್ರ್ಯಾಕ್‌ನಲ್ಲಿ ವೇಗ. 100 ಮೀಟರ್‌ನವರಿಗೆ ಇಷ್ಟು ದೂರ ಬೇಡ, ಒಪ್ಪಿದೆ. ಆದರೆ 800ರಲ್ಲಿ ಅರ್ಧಕ್ಕಿಂತ ಜಾಸ್ತಿ ಶಕ್ತಿ ಆಮ್ಲಜನಕದಿಂದ ಬರಬೇಕು.

ಚಿಕ್ಕಮ್ಮ: ಅವರು ತಿನ್ನೋದೇ ಬೇರೆ. ನಮ್ಮ ಪುಟ್ಟ ಎರಡು ಇಡ್ಲಿ ತಿಂದು ಓಡ್ತಾನೆ. ನೀವು ಬಿಡಿ, ಗೃಹಪ್ರವೇಶದಲ್ಲಿ ನನ್ನ ಹೋಳಿಗೆಗೂ ಬೆಲ್ಲದ ಲೆಕ್ಕ ಕೇಳಿದವರು.

ದೊಡ್ಡಪ್ಪ: ಅಳಿಯಂದಿರು ಯಾವುದನ್ನೂ ನಂಬೋದಿಲ್ಲ. 2020ರಲ್ಲಿ ಕಂಬಳದ ಶ್ರೀನಿವಾಸ ಗೌಡರ ಸುದ್ದಿ ಕಳಿಸಿದಾಗಲೂ ಹೀಗೇ.

ಭಾವ: ಓಟ ನಂಬಿದ್ದೆ ಮಾವ. ಕೋಣಗಳ ಜೊತೆ 142.5 ಮೀಟರ್ ಓಡಿದ್ದನ್ನು ಭಾಗಿಸಿ, 100ಕ್ಕೆ 9.55 ಸೆಕೆಂಡ್ ಮಾಡಿ, ಬೋಲ್ಟ್ ದಾಖಲೆ ಮುರೀತು ಅಂದಿದ್ದನ್ನ ನಂಬಲಿಲ್ಲ.

ದೊಡ್ಡಪ್ಪ: ಹಿರಿಯರಿಗೆ ಭಾಗಾಕಾರ ಹೇಳಿಕೊಡುವ ಕಾಲ ಬಂತು.

ಅಣ್ಣ: ಓಟ ಅಂದ್ರೆ ನೆನಪಾಯ್ತು. ಸ್ಕೂಲ್ ಡೇಲಿ ಗೋಣಿಚೀಲದ ಓಟದಲ್ಲಿ ಅಕ್ಕ ಬಿದ್ದು ಹಲ್ಲು ಮುರ್ಕೊಂಡಿದ್ಲು, ಅಲ್ವಾ?

ಅಕ್ಕ: ಬಿದ್ದಿದ್ದಲ್ಲ. ನೀನು ತಳ್ಳಿದ್ದು.

ಇಪ್ಪತ್ತು ಮೆಸೇಜ್ ಹಲ್ಲಿನ ಮೇಲೇ ಹೋಯಿತು. ನಡುವೆ ಪುಟ್ಟ ಬರೆದಿದ್ದು ಯಾರ ಕಣ್ಣಿಗೂ ಬಿದ್ದಂತಿರಲಿಲ್ಲ.

ಪುಟ್ಟ: ಈಗಷ್ಟೇ ಓಡಿ ಬಂದೆ. ಹೋದ ರೇಸಲ್ಲಿ ನನ್ನ ಮೊದಲ ಸುತ್ತು 56 ಸೆಕೆಂಡ್, ಎರಡನೇದು 66. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಡೇವಿಡ್ ರುಡಿಶಾ 1:40.91ರ ವಿಶ್ವದಾಖಲೆ ಮಾಡಿದಾಗ ಮೊದಲ ಸುತ್ತು 49.28, ಎರಡನೇದು 51.63. ಅವರು ಕಳ್ಕೊಂಡಿದ್ದು ಎರಡು ಚಿಲ್ಲರೆ ಸೆಕೆಂಡ್. ನಾನು ಹತ್ತು. ನನ್ನ ಹತ್ರ ವೇಗ ಇದೆ, ಅದು ಕೊನೇವರೆಗೂ ಉಳಿಯಲ್ಲ. ಅದಕ್ಕೇ ಭಾನುವಾರದ ಓಟ.

ಚಿಕ್ಕಮ್ಮ: ನೋಡಿದ್ರಾ? ಹತ್ತು ಸೆಕೆಂಡ್ ಹೋಗಿದೆ ಅಂತ ಅವನೇ ಒಪ್ಕೊಂಡ.

ದೊಡ್ಡಪ್ಪ ಇಬ್ಬರ ಮೆಸೇಜಿಗೂ ಹೆಬ್ಬೆರಳು ಒತ್ತಿದರು. ಅಷ್ಟರಲ್ಲಿ ಅಣ್ಣ ಆ ಗೋಣಿಚೀಲದ ಓಟದ ಹಳೇ ಫೋಟೊ ಹುಡುಕಿ ಹಾಕಿದ.

ಅಕ್ಕ: ಎಡಗಡೆ ನೋಡಿ. ತಳ್ಳಿದ ಕೈ ಕಾಣ್ತಿದೆ.

ಭಾವ: ಒರಿಜಿನಲ್ ಫೋಟೊ ಇದ್ರೆ ಕಳಿಸಿ.