ಪದವಿ ಮುಗಿದ ಮೇಲೆ ಅಮೆರಿಕದಲ್ಲಿ ವೈದ್ಯಕೀಯಕ್ಕೆ ತಯಾರಿ: ಆ ದಾರಿಯಲ್ಲಿ ಹೋದವರು ತಿಳಿಸಿ

ಪ್ರಶ್ನೆ: ನ್ಯೂಜೆರ್ಸಿಯಿಂದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಇಲ್ಲಿಯೇ ಹುಟ್ಟಿ ಬೆಳೆದವಳು. ಅರ್ಥಶಾಸ್ತ್ರದಲ್ಲಿ ಪದವಿ ಪಡೆದು ಎರಡು ವರ್ಷದಿಂದ ವಿಮಾ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದಾಳೆ. ಹೋದ ವರ್ಷ ನಮ್ಮ ಮಾವನವರು ಮೂರು ತಿಂಗಳು ಹಾಸಿಗೆ ಹಿಡಿದಿದ್ದರು. ಅವರ ಆರೈಕೆಯಲ್ಲಿ ಹೆಚ್ಚಿನ ಪಾಲು ಅವಳದೇ. ಈಗ ಡಾಕ್ಟರ್ ಆಗುತ್ತೇನೆ ಎನ್ನುತ್ತಿದ್ದಾಳೆ. ಕಾಲೇಜಿನಲ್ಲಿ ವಿಜ್ಞಾನದ ಒಂದು ಕೋರ್ಸನ್ನೂ ತೆಗೆದುಕೊಂಡವಳಲ್ಲ. ಪಿಯುಸಿ ಮುಗಿಸಿ ಸಿಇಟಿ ಬರೆಯುವುದಷ್ಟೇ ನಮಗೆ ಗೊತ್ತಿದ್ದ ದಾರಿ. ಮತ್ತೆ ಮೊದಲಿನಿಂದ ಪದವಿ ಓದಬೇಕೇ? ಎಷ್ಟು ವರ್ಷ ಹಿಡಿಯುತ್ತದೆ? ಮನೆಯ ಹತ್ತಿರದ ಕಮ್ಯುನಿಟಿ ಕಾಲೇಜು, ಅಂದರೆ ಎರಡು ವರ್ಷದ ಸ್ಥಳೀಯ ಕಾಲೇಜು, ಸಾಕೇ? ಕೆಲಸ ಬಿಡಬೇಕೇ? ಅನುಭವ ಇದ್ದವರು ದಯವಿಟ್ಟು ಹೇಳಿ.

ಒಹಾಯೊದಿಂದ

ನಮಸ್ಕಾರ ಅಮ್ಮ. ನಾನು ಇತಿಹಾಸದ ಪದವೀಧರೆ. ಈಗ ಮಕ್ಕಳ ವಿಭಾಗದಲ್ಲಿ ರೆಸಿಡೆಂಟ್, ಅಂದರೆ ತರಬೇತಿಯಲ್ಲಿರುವ ವೈದ್ಯೆ ಆಗಿದ್ದೇನೆ. ನಿಮ್ಮ ಮಗಳು ಹೊರಟಿರುವ ದಾರಿಯಲ್ಲೇ ಬಂದವಳು, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಎರಡನೆಯ ಪದವಿ ಬೇಕಿಲ್ಲ. ಇದ್ದ ಪದವಿಯ ಮೇಲೆ ವೈದ್ಯಕೀಯ ಶಾಲೆಗಳು ಕೇಳುವ ವಿಜ್ಞಾನದ ಕೋರ್ಸುಗಳನ್ನು ಮಾತ್ರ ಸೇರಿಸಿಕೊಂಡರಾಯಿತು. ಇದಕ್ಕೆ ಇಲ್ಲಿ ಪೋಸ್ಟ್‌ಬ್ಯಾಕ್ ಎನ್ನುತ್ತಾರೆ. ಜೀವಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರ, ಸಾವಯವ ರಸಾಯನಶಾಸ್ತ್ರ, ಭೌತಶಾಸ್ತ್ರ, ಇವು ಸಾಮಾನ್ಯವಾಗಿ ಒಂದೊಂದು ವರ್ಷ, ಪ್ರಯೋಗಾಲಯದ ಸಮೇತ. ಮೇಲೆ ಒಂದು ಸೆಮಿಸ್ಟರ್ ಜೀವರಸಾಯನಶಾಸ್ತ್ರ. ಇಂಗ್ಲಿಷ್ ಮತ್ತು ಸಂಖ್ಯಾಶಾಸ್ತ್ರ ಅವಳ ಅರ್ಥಶಾಸ್ತ್ರದ ಪದವಿಯಲ್ಲೇ ಮುಗಿದಿರಬಹುದು, ಅಂಕಪಟ್ಟಿ ತೆಗೆದು ನೋಡಿ. ಶಾಲೆಯಿಂದ ಶಾಲೆಗೆ ವ್ಯತ್ಯಾಸ ಇರುವುದರಿಂದ ಅವಳಿಗೆ ಮನಸ್ಸಿರುವ ಹತ್ತು ಶಾಲೆಗಳ ಪಟ್ಟಿಯನ್ನು ಮೊದಲೇ ಮಾಡಿಕೊಳ್ಳಲಿ.

ಕಾಲ ಹಿಡಿಯುವುದು ರಸಾಯನಶಾಸ್ತ್ರದ ಸರಪಳಿಯಿಂದ. ಸಾಮಾನ್ಯ ರಸಾಯನಶಾಸ್ತ್ರ ಮುಗಿಯದೆ ಸಾವಯವಕ್ಕೆ ಸೇರಿಸಿಕೊಳ್ಳುವುದಿಲ್ಲ. ಸಾವಯವ ಆಗದೆ ಜೀವರಸಾಯನಕ್ಕೆ ಹೋಗುವಂತಿಲ್ಲ. ಉಳಿದ ವಿಷಯಗಳನ್ನು ಹೇಗೆ ಹೊಂದಿಸಿಕೊಂಡರೂ ಈ ಮೂರು ಒಂದರ ಹಿಂದೆ ಒಂದಾಗಿಯೇ ಬರಬೇಕು. ಆದ್ದರಿಂದ ಮೊದಲ ಸೆಮಿಸ್ಟರಿನಲ್ಲೇ ರಸಾಯನಶಾಸ್ತ್ರ ಶುರುವಾಗಲಿ.

ಇನ್ನು ನಾನು ಎಡವಿದ ಜಾಗ. ಬ್ಯಾಂಕಿನಲ್ಲಿ ಪೂರ್ಣಾವಧಿ ಕೆಲಸ ಇಟ್ಟುಕೊಂಡೇ ಸಂಜೆ ರಸಾಯನಶಾಸ್ತ್ರ, ಜೀವಶಾಸ್ತ್ರ ಎರಡಕ್ಕೂ ಸೇರಿದೆ. ಎರಡಕ್ಕೂ ಪ್ರಯೋಗಾಲಯ. ವಯಸ್ಸು ಇಪ್ಪತ್ತಾರಾಗಿತ್ತು, ತಡವಾಯಿತು ಎಂಬ ಆತುರ. ಪ್ರಯೋಗದ ವರದಿಗಳನ್ನು ರಾತ್ರಿ ಹನ್ನೆರಡಕ್ಕೆ ಕೂತು ಬರೆಯುತ್ತಿದ್ದೆ. ರಸಾಯನಶಾಸ್ತ್ರದಲ್ಲಿ ಸಿ ಪ್ಲಸ್ ಬಂತು. ಅದು ಹೋಗುವುದಿಲ್ಲ ಅಮ್ಮ. ಇಲ್ಲಿ ಡಾಕ್ಟರ್ ಆಗಲು ಓದುವ ಮೊದಲ ಪದವಿಯೇ ಎಂ.ಡಿ. ಹೆಚ್ಚಿನ ಎಂ.ಡಿ. ಶಾಲೆಗಳಿಗೆ ಆಮ್‌ಕ್ಯಾಸ್ ಎಂಬ ಒಂದೇ ವ್ಯವಸ್ಥೆಯ ಮೂಲಕ ಅರ್ಜಿ ಹಾಕಬೇಕು. ಅದೇ ಕೋರ್ಸನ್ನು ಮತ್ತೆ ತೆಗೆದುಕೊಂಡು ಎ ಪಡೆದರೂ ಅದು ಎರಡೂ ಅಂಕಗಳನ್ನು ಲೆಕ್ಕಕ್ಕೆ ಹಿಡಿಯುತ್ತದೆ. ವಿಜ್ಞಾನ ಮತ್ತು ಗಣಿತಕ್ಕೆ ಬೇರೆಯೇ ಒಂದು ಜಿಪಿಎ, ಅಂದರೆ ಅಂಕಗಳ ಸರಾಸರಿ, ತೆಗೆಯುತ್ತಾರೆ. ನಿಮ್ಮ ಮಗಳಿಗೆ ವಿಜ್ಞಾನದ ಹಳೆಯ ಅಂಕವೇ ಇಲ್ಲ, ಅಂದರೆ ಆ ಲೆಕ್ಕದ ಬಹುಭಾಗ ಈಗ ಪಡೆಯುವ ಅಂಕಗಳಿಂದಲೇ ಕಟ್ಟಬೇಕು. ಅದು ನನಗೆ ಸಿಗದ ಭಾಗ್ಯ, ಅವಳು ಅದನ್ನು ಕಾಪಾಡಿಕೊಳ್ಳಲಿ.

ಮುಂದಿನ ಸೆಮಿಸ್ಟರಿನಿಂದ ಕೆಲಸವನ್ನು ಅರ್ಧ ದಿನಕ್ಕೆ ಇಳಿಸಿದೆ. ಪ್ರಯೋಗಾಲಯ ಇರುವ ಕೋರ್ಸು ಒಂದು ಸಲಕ್ಕೆ ಒಂದೇ ಎಂದು ನಿಯಮ ಮಾಡಿಕೊಂಡೆ. ಆ ವರ್ಷದ ಒಂದು ಸಂಜೆ ಇನ್ನೂ ಕಣ್ಣ ಮುಂದಿದೆ. ಆಸ್ಪಿರಿನ್ ತಯಾರಿಸುವ ಪ್ರಯೋಗ. ಸ್ಯಾಲಿಸಿಲಿಕ್ ಆಮ್ಲಕ್ಕೆ ಅಸೆಟಿಕ್ ಅನ್‌ಹೈಡ್ರೈಡ್ ಸುರಿದು, ನಾಲ್ಕು ಹನಿ ಸಲ್ಫ್ಯೂರಿಕ್ ಆಮ್ಲ ಹಾಕಿ, ಬಿಸಿನೀರಿನಲ್ಲಿ ಕಾಯಿಸಿ, ಮಂಜುಗಡ್ಡೆಯಲ್ಲಿ ಇಟ್ಟೆ. ಪಕ್ಕದವರಿಗೆಲ್ಲ ಹರಳು ಬಂತು, ನನ್ನದು ತಿಳಿನೀರಿನಂತೆ ಸುಮ್ಮನೆ ಇತ್ತು. ಮೇಷ್ಟರು ಬಂದು, ಗಾಜಿನ ಕಡ್ಡಿಯಿಂದ ಪಾತ್ರೆಯ ಒಳಗೋಡೆಯನ್ನು ಕೆರೆಯಿರಿ ಎಂದರು. ಕೆರೆದೆ. ಕಡ್ಡಿ ಹೋದ ಗೆರೆಯುದ್ದಕ್ಕೂ ಬಿಳಿ ಸೂಜಿಗಳು ಎದ್ದು ಬಂದವು. ಒಣಗಿಸಿ ಕರಗಿಸಿ ನೋಡಿದರೆ 128 ಡಿಗ್ರಿಗೇ ಮೆತ್ತಗಾಯಿತು. ಶುದ್ಧ ಆಸ್ಪಿರಿನ್ ಕರಗಬೇಕಾದ್ದು ಸುಮಾರು 135ಕ್ಕೆ. ಇನ್ನೂ ತೇವ ಇದೆ, ರಾತ್ರಿಯೆಲ್ಲ ಒಣಗಲು ಬಿಟ್ಟು ನಾಳೆ ಬನ್ನಿ ಎಂದರು. ಮರುದಿನ ಹೋಗಲು ನನಗೆ ಬಿಡುವಿತ್ತು, ಹೋದೆ. ಹಿಂದಿನ ಸೆಮಿಸ್ಟರಿನಲ್ಲಾಗಿದ್ದರೆ 128 ಎಂದು ಬರೆದು ಬಸ್ಸಿಗೆ ಓಡಿರುತ್ತಿದ್ದೆ. ಮುಂದೆ ನನಗೆ ಶಿಫಾರಸು ಪತ್ರ ಬರೆದುಕೊಟ್ಟವರು ಅದೇ ಮೇಷ್ಟರು.

ವೈದ್ಯಕೀಯ ಶಾಲೆಗಳ ಪ್ರವೇಶಕ್ಕಾಗಿ ಬರೆಯುವ ಎಂಕ್ಯಾಟ್ ಪರೀಕ್ಷೆಯನ್ನು ಜೀವರಸಾಯನ ಮುಗಿದ ಮೇಲೇ ಬರೆಯಲಿ. ನಾಲ್ಕು ಭಾಗ, ವಿರಾಮ ಸೇರಿ ಸುಮಾರು ಏಳೂವರೆ ಗಂಟೆ, ಅಂಕ 472ರಿಂದ 528ರವರೆಗೆ. 2015ರಿಂದ ಮನಃಶಾಸ್ತ್ರ, ಸಮಾಜಶಾಸ್ತ್ರದ ಭಾಗವೂ ಇದೆ. ಅರ್ಜಿ ಕಳುಹಿಸುವ ಕಾಲ ಮೇ ಕೊನೆ, ಜೂನ್ ಮೊದಲ ದಿನಗಳು. ಸೇರುವುದು ಅದರ ಮರುವರ್ಷ ಜುಲೈ, ಆಗಸ್ಟಿನಲ್ಲಿ. ಈ ಸೆಪ್ಟೆಂಬರಿನಲ್ಲಿ ಶುರು ಮಾಡಿ ಎರಡು ವರ್ಷದಲ್ಲಿ ಕೋರ್ಸು ಮುಗಿಸಿದರೂ ಸೇರುವ ಹೊತ್ತಿಗೆ ಮೂರು ವರ್ಷ ಆಗಿರುತ್ತದೆ. ನಾನು ಕೋರ್ಸುಗಳಿಗೇ ಮೂರು ವರ್ಷ ತೆಗೆದುಕೊಂಡೆ. ಸಂದರ್ಶನದಲ್ಲಿ ಸಿ ಪ್ಲಸ್ ಬಗ್ಗೆ ಕೇಳಿದರು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಕ್ಯಾಲಿಫೋರ್ನಿಯಾದಿಂದ

ಕಮ್ಯುನಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು ನಾನು, ಆ ಒಂದು ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ನನ್ನ ತರಗತಿಯಲ್ಲಿ ಇಪ್ಪತ್ತನಾಲ್ಕು ಜನ. ದೊಡ್ಡ ವಿಶ್ವವಿದ್ಯಾಲಯದಲ್ಲಿ ಅದೇ ಪಾಠಕ್ಕೆ ಮುನ್ನೂರು ಜನ ಕೂತಿರಬಹುದು. ಕಲಿಕೆ ನಮ್ಮಲ್ಲಿ ಕಡಿಮೆಯಾಗುವುದಿಲ್ಲ, ಶುಲ್ಕವಂತೂ ಬಹಳ ಕಡಿಮೆ. ಆದರೆ ಕೆಲವು ವೈದ್ಯಕೀಯ ಶಾಲೆಗಳು ಈ ಕೋರ್ಸುಗಳು ನಾಲ್ಕು ವರ್ಷದ ಕಾಲೇಜಿನದೇ ಆಗಿರಲಿ ಎಂದು ಬಯಸುತ್ತವೆ. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟು: ಮೊದಲ ವರ್ಷ ನಮ್ಮಲ್ಲಿ ಓದಿ, ಇದು ನಿಮಗೆ ಒಗ್ಗುತ್ತದೆಯೇ ನೋಡಿಕೊಳ್ಳಿ. ಸಾವಯವ ಮತ್ತು ಜೀವರಸಾಯನವನ್ನು ಸಾಧ್ಯವಾದರೆ ವಿಶ್ವವಿದ್ಯಾಲಯದಲ್ಲಿ ಮಾಡಿ. ಆನ್‌ಲೈನ್ ಪ್ರಯೋಗಾಲಯವನ್ನು ಒಪ್ಪದ ಶಾಲೆಗಳಿವೆ, ಶುಲ್ಕ ಕಟ್ಟುವ ಮೊದಲು ಕೇಳಿಕೊಳ್ಳಿ. ನಾಲ್ಕನೇ ವಾರದ ಹೊತ್ತಿಗೆ ನನ್ನ ಕೋಣೆಗೆ ಒಮ್ಮೆಯೂ ಬಾರದ ವಿದ್ಯಾರ್ಥಿ ವರ್ಷದ ಕೊನೆಯಲ್ಲಿ ಪತ್ರ ಕೇಳಿದರೆ, ಅಂಕ ಬಿಟ್ಟು ಬೇರೇನೂ ಬರೆಯಲು ನನ್ನ ಬಳಿ ಇರುವುದಿಲ್ಲ. ನಿಮ್ಮ ಮಗಳಿಗೆ ಈ ಮಾತನ್ನು ತಪ್ಪದೆ ಹೇಳಿ.

ಪೆನ್ಸಿಲ್ವೇನಿಯಾದಿಂದ

ನಮ್ಮ ಮಗ ಬ್ರಿನ್ ಮಾರ್ ಕಾಲೇಜಿನ ಪೋಸ್ಟ್‌ಬ್ಯಾಕ್‌ನಲ್ಲಿ ಓದಿದ. ಮೇರಿಲ್ಯಾಂಡಿನ ಗೌಚರ್ ಕಾಲೇಜಿನಲ್ಲೂ ಇಂಥದ್ದೇ ಇದೆ. ಎರಡೂ ನಿಮ್ಮ ಮಗಳಂತೆ ವಿಜ್ಞಾನ ಓದದೆ ಬಂದವರಿಗಾಗಿಯೇ ಇರುವಂಥವು. ಬೇಸಿಗೆಯಲ್ಲೇ ಸಾಮಾನ್ಯ ರಸಾಯನಶಾಸ್ತ್ರ ಮುಗಿಸಿ ವರ್ಷದೊಳಗೆ ಎಲ್ಲವನ್ನೂ ಮುಗಿಸುತ್ತಾರೆ. ಕೆಲಸ ಇಟ್ಟುಕೊಂಡು ಆಗದ ಮಾತು. ಕೆಲವು ವೈದ್ಯಕೀಯ ಶಾಲೆಗಳ ಜೊತೆ ಲಿಂಕೇಜ್ ಎಂಬ ಒಪ್ಪಂದ ಇದೆ, ಅದರಲ್ಲಿ ಆಯ್ಕೆಯಾದರೆ ನಡುವೆ ಒಂದು ವರ್ಷ ಕಾಯುವುದು ತಪ್ಪುತ್ತದೆ.

ಹಣದ ವಿಷಯ ಮುಚ್ಚಿಡದೆ ಹೇಳುತ್ತೇನೆ, ಯಾಕೆಂದರೆ ನಮಗೆ ಯಾರೂ ಹೇಳಿರಲಿಲ್ಲ. ಪೂರ್ವಸಿದ್ಧತೆಯ ಕೋರ್ಸುಗಳಿಗೆ ಸರ್ಕಾರಿ ಸಾಲ ಸಿಗುವುದು ಸತತ ಹನ್ನೆರಡು ತಿಂಗಳ ಒಂದೇ ಅವಧಿಗೆ ಮಾತ್ರ. ವೈದ್ಯಕೀಯ ಓದಿನ ಸಾಲವೂ ಬದಲಾಗಿದೆ: 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಓದಿನ ಪೂರ್ತಿ ಖರ್ಚಿನವರೆಗೂ ಸಿಗುತ್ತಿದ್ದ ಗ್ರ್ಯಾಡ್ ಪ್ಲಸ್ ಎಂಬ ಸರ್ಕಾರಿ ಸಾಲ ಇಲ್ಲ. ವರ್ಷಕ್ಕೆ 50,000 ಡಾಲರ್, ಒಟ್ಟು 2,00,000 ಡಾಲರ್ ಮಿತಿ. ಅನೇಕ ಶಾಲೆಗಳ ಖರ್ಚು ಇದಕ್ಕಿಂತ ಹೆಚ್ಚು. ಅವಳ ಉಳಿತಾಯವನ್ನು ಈಗಲೇ ಪೋಸ್ಟ್‌ಬ್ಯಾಕ್‌ಗೆ ಸುರಿದುಬಿಡುವ ಮೊದಲು ಮನೆಯವರೆಲ್ಲ ಕೂತು ಲೆಕ್ಕ ಹಾಕಿ.

ಟೆಕ್ಸಸ್‌ನಿಂದ

ಊರಿನಲ್ಲಿ ಪದವಿ ಪಡೆದವರು ಇದನ್ನು ಓದುತ್ತಿದ್ದರೆ ಒಂದು ಎಚ್ಚರಿಕೆ. ನಾನು ಧಾರವಾಡದಲ್ಲಿ ಬಿ.ಎಸ್ಸಿ. ಮಾಡಿದವಳು. ಅಲ್ಲಿಯ ಅಂಕಗಳು ಆಮ್‌ಕ್ಯಾಸ್ ಲೆಕ್ಕಕ್ಕೆ ಸೇರುವುದಿಲ್ಲ. ಹೆಚ್ಚಿನ ಶಾಲೆಗಳು ಅಮೆರಿಕದ ಕಾಲೇಜಿನ ಕೋರ್ಸುಗಳನ್ನೇ ಕೇಳುತ್ತವೆ, ಕೆಲವು ಪದವಿಯೇ ಇಲ್ಲಿಯದಾಗಿರಬೇಕು ಎನ್ನುತ್ತವೆ. ವೀಸಾದ ಮೇಲಿದ್ದರೆ ತೆಗೆದುಕೊಳ್ಳುವ ಶಾಲೆಗಳು ಇನ್ನೂ ಕಡಿಮೆ. ಒಂದು ವರ್ಷ ಓದಿದ ಮೇಲೆ ಇದು ನನಗೆ ತಿಳಿಯಿತು. ನೀವು ಮೊದಲೇ ತಿಳಿದುಕೊಳ್ಳಿ.

ಪ್ರಶ್ನೆ ಕೇಳಿದ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ಮಗಳಿಗೆ ಪೂರ್ತಿ ಓದಿ ಹೇಳಿದೆ. ಸಂಜೆಯ ರಸಾಯನಶಾಸ್ತ್ರ ಒಂದಕ್ಕೇ ಹೆಸರು ಕೊಟ್ಟಿದ್ದಾಳೆ, ಜೀವಶಾಸ್ತ್ರವನ್ನು ಮುಂದಕ್ಕೆ ಹಾಕಿದಳು. ಶನಿವಾರ ಬೆಳಗ್ಗೆ ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಹಾಸ್ಪಿಸ್ ಒಂದರಲ್ಲಿ ಸ್ವಯಂಸೇವೆಗೆ ಹೋಗುತ್ತಾಳೆ. ಪ್ರಯೋಗಾಲಯದ ಕನ್ನಡಕವನ್ನು ನಾವೇ ಕೊಳ್ಳಬೇಕೇ, ಅಲ್ಲಿಯೇ ಕೊಡುತ್ತಾರೆಯೇ?

ಒಹಾಯೊದಿಂದ

ಕೊಂಡುಬಿಡಿ ಅಮ್ಮ. ಅವಳು ನಂಬರ್ ಕನ್ನಡಕ ಹಾಕುವವಳಾದರೆ ಅದರ ಮೇಲೆ ಕೂರುವಂಥ ಅಗಲದ್ದನ್ನೇ ತೆಗೆದುಕೊಳ್ಳಿ. ಮೊದಲ ವಾರ ಕಳೆದ ಮೇಲೆ ಹೇಗಿತ್ತೆಂದು ತಿಳಿಸಿ.